ಕೊಕ್ಕರೆ ಕಾಲು ಇಳಿಸುವ ಹೊತ್ತು

ನನ್ನ ಎಡಭುಜ ಹಿಡಿದುಕೊಂಡು ಎಂಟು ತಿಂಗಳಾಯಿತು. ಅಂಗಿ ತೊಡುವಾಗ ಮೊದಲು ನೋಯುವ ಕೈಯನ್ನು ತೋಳಿನೊಳಗೆ ತೂರಿಸಬೇಕು, ಆಮೇಲೆ ಒಳ್ಳೆಯ ಕೈ. ಇದನ್ನು ಯಾರೂ ಹೇಳಿಕೊಡಲಿಲ್ಲ. ಮೂರು ದಿನ ಕನ್ನಡಿಯ ಮುಂದೆ ಒದ್ದಾಡಿ ಕಲಿತೆ. ಕಲಿತ ದಿನವೇ, ಹೀಗೆಯೇ ಅಂಗಿ ತೊಡುತ್ತಿದ್ದ ಇನ್ನೊಬ್ಬ ಮನುಷ್ಯ ನೆನಪಾದ. ಅವನ ಭುಜ ತಾನಾಗಿ ಹಿಡಿದದ್ದಲ್ಲ, ನಾನು ಕೆಡಿಸಿದ್ದು. ಕೆಡಿಸಿ, ನಾನಲ್ಲ ಎಂದು ಓಣಿಯ ಮುಂದೆ ಹೇಳಿದ್ದೆ. ಆ ಮಾತನ್ನು ಮೂವತ್ತು ವರ್ಷ ಹಾಗೆಯೇ ಇರಲು ಬಿಟ್ಟೆ.

ನಾರಾಯಣಪೇಟೆಯಲ್ಲಿ ನನ್ನನ್ನು ಯೋಗದ ಮಾಸ್ತರ ಎನ್ನುತ್ತಾರೆ. ಓದಿದ್ದು ಹತ್ತನೇ ತರಗತಿ, ಕಸುಬು ಮಗ್ಗ. ನಮ್ಮದು ಗುಣಿಮಗ್ಗ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು, ಎದೆ ಮುಂದಕ್ಕೆ ಬಾಗಿಸಿ ದಿನವಿಡೀ ಕೂರುವ ಕೆಲಸ. ನಾವು ನೇಯುತ್ತಿದ್ದ ಸೀರೆಯಲ್ಲಿ ಒಡಲಿನ ನೂಲು ಬೇರೆ, ಅಂಚಿನ ದಡಿಯ ನೂಲು ಬೇರೆ. ಒಬ್ಬನ ಕೈ ಸಾಲದು. ಇಬ್ಬರು ಪಕ್ಕಪಕ್ಕ ಕೂತು ಒಬ್ಬರ ಲಾಳಿಗೆ ಒಬ್ಬರು ಕಾಯುತ್ತಾ ನೇಯಬೇಕು. ನನ್ನ ಜೋಡಿಯವನು ಬಲಕ್ಕೆ ಕೂರುತ್ತಿದ್ದ, ದಡಿಯ ಲಾಳಿ ಅವನದು. ಹದಿನಾಲ್ಕು ವರ್ಷ ಒಂದೇ ಹಲಗೆಯ ಮೇಲೆ ಕೂತವರು ನಾವು. ಅವನಿಗೆ ಕೆಮ್ಮು ಬರುವುದು ಅವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಯೋಗಕ್ಕೆ ನಮ್ಮನ್ನು ತಳ್ಳಿದ್ದು ಬೆನ್ನುನೋವು. ಮಕ್ತಲದಲ್ಲಿ ಒಬ್ಬ ಆಚಾರ್ರಿದ್ದರು. ತಹಸೀಲು ಕಚೇರಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು, ವರ್ಷದಲ್ಲಿ ಒಂದೆರಡು ತಿಂಗಳು ಮಂತ್ರಾಲಯದಲ್ಲಿ ಇರುವವರು. ಅವರು ಆಸನ ಕಲಿಸುತ್ತಾರೆಂದು ಯಾರೋ ಹೇಳಿದರು. ಅಮಾವಾಸ್ಯೆಗೆ ನಾವು ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ತಿಂಗಳಿಗೊಮ್ಮೆ ಬೆಳಗಿನ ಬಸ್ಸು ಹತ್ತಿ ಇಬ್ಬರೂ ಮಕ್ತಲಕ್ಕೆ ಹೋಗತೊಡಗಿದೆವು. ಬಸ್ಸಿನ ಕಿಟಕಿಗಳಿಗೆ ಗಾಜಿರಲಿಲ್ಲ. ಹೊಲಗಳ ತೊಗರಿ ಹೂವಿನ ವಾಸನೆ, ಡ್ರೈವರನ ಬೀಡಿಯ ಹೊಗೆ, ಕೆಳಗಿನ ಬುಟ್ಟಿಯಲ್ಲಿ ಯಾರದೋ ಕೋಳಿ. ಈಗಲೂ ಆ ದಾರಿಯಲ್ಲಿ ಹೋದರೆ ನನ್ನ ವಯಸ್ಸು ಅಷ್ಟು ದೂರ ಇಳಿಯುತ್ತದೆ.

ಆಚಾರ್ರ ಮನೆಯ ಕಟ್ಟೆಯ ಮೇಲೆ ಮೊದಲ ದಿನ ನಾವು ಪಂಚೆ ಎತ್ತಿ ಕಟ್ಟಿ ತಯಾರಾಗಿ ನಿಂತೆವು. ಅವರು ಒಂದು ಆಸನವನ್ನೂ ಹೇಳಿಕೊಡಲಿಲ್ಲ.

“ನಿಮ್ಮ ಊರ ಕೆರಿಗೆ ಕೊಕ್ಕರೆ ಬರ್ತಾವೇನು?” ಎಂದು ಕೇಳಿದರು.

“ಬರ್ತಾವ್ರಿ.”

“ಹಂಗಾದ್ರ ಹೋಗಿ ಒಂದು ತಿಂಗಳು ಮುಆಯಿನಾ ಮಾಡ್ಕೊಂಡು ಬರ್ರಿ. ದಿನಾ ಮುಂಜಾನೆ. ಬಂದು ರಪಟು ಹೇಳ್ರಿ.”

ಮುಆಯಿನಾ ಎಂದರೆ ಅಧಿಕಾರಿ ತಾನೇ ಹೋಗಿ ಸ್ಥಳ ನೋಡಿ ಬರುವುದು, ರಪಟು ಎಂದರೆ ವರದಿ. ನಿಜಾಮರ ಕಾಲದ ಆ ಕಚೇರಿ ಮಾತುಗಳನ್ನು ಅವರು ಕೊಕ್ಕರೆಗೂ ಬಿಡಲಿಲ್ಲ. ನಮಗೆ ನಗು ತಡೆಯಲಿಲ್ಲ. ಅವರು ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟು, ಕುಡಿಯುವತನಕ ಕಾದು, ಕಳಿಸಿದರು.

ಇಲ್ಲಿಂದ ನನ್ನ ತಪ್ಪು ಶುರು. ಮೊದಲ ಮೂರು ದಿನ ನಾನೂ ಕೆರೆಯ ಏರಿಯ ಮೇಲೆ ಕೂತು ನೋಡಿದೆ. ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ನಿಂತೇ ಇತ್ತು. ಇದರಲ್ಲಿ ತಿಂಗಳುಗಟ್ಟಲೆ ನೋಡುವುದೇನು ಎನಿಸಿತು. ನಾಲ್ಕನೆಯ ದಿನದಿಂದ ಏರಿಯ ಹುಣಸೆಮರದ ಕೆಳಗೆ ಟವೆಲ್ಲು ಹಾಸಿ ಮಲಗಿದೆ. ನನ್ನ ಜೋಡಿಯವನು ಮಾತ್ರ ಕಲ್ಲಿನ ಹಾಗೆ ಕೂತು ನೋಡುತ್ತಿದ್ದ. ಬಿಸಿಲು ಬಿದ್ದ ಮೇಲೆ ನನ್ನ ಕಾಲು ಅಲುಗಿಸಿ, “ಏಳೋ, ಸಾಹೇಬರ ಮುಆಯಿನಾ ಮುಗೀತು,” ಎನ್ನುತ್ತಿದ್ದ.

ಮುಂದಿನ ಅಮಾವಾಸ್ಯೆಗೆ ಆಚಾರ್ರು ಕೇಳಿದ್ದು ಒಂದೇ ಪ್ರಶ್ನೆ. “ಎತ್ತಿದ ಕಾಲು ಯಾವಾಗ ಇಳಸ್ತದ?”

ನಾನು ಥಟ್ಟನೆ ಹೇಳಿದೆ. “ಮೀನು ಕಂಡಾಗ ರೀ.”

ಅವರು ನನ್ನ ಜೋಡಿಯವನ ಕಡೆ ನೋಡಿದರು. ಅವನು ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡುತ್ತಾ, “ನಂದೂ ಅದೇ ರೀ,” ಎಂದ.

“ಇಬ್ಬರದೂ ರಪಟು ಒಂದೇ ಆತು,” ಎಂದರು ಆಚಾರ್ರು. “ಖರೇನ ನೋಡಿದವ್ರ ರಪಟು ಹಂಗ ಒಂದೇ ಆಗೂದಿಲ್ಲ. ಇರ್ಲಿ.” ಮುಂದಿನ ತಿಂಗಳಿಗೆ ನಾಯಿಯನ್ನು ನೋಡಲು ಹೇಳಿದರು. ಅದರ ಮುಂದಿನ ತಿಂಗಳು ಬೇಲಿಯ ಓತಿಕ್ಯಾತ. ಆಮೇಲೆ ಸಂಜೆ ಹೊತ್ತು ಮಡಚಿಕೊಳ್ಳುವ ಹುಣಸೆ ಎಲೆ. ಒಂದೊಂದನ್ನು ನೋಡಿ ಬಂದ ಮೇಲೆಯೇ ಅದರ ಆಸನ, ಇಲ್ಲವೆ ಅದಕ್ಕೆ ತಕ್ಕ ಉಸಿರು. ನಾನು ಒಂದನ್ನೂ ಪೂರ್ತಿ ನೋಡಲಿಲ್ಲ. ಆಸನಗಳು ಮಾತ್ರ ನನಗೆ ಬೇಗ ಬಂದವು. ಮೈ ಬಾಗುವಂಥದ್ದಾಗಿತ್ತು, ಅದನ್ನೇ ವಿದ್ಯೆ ಎಂದುಕೊಂಡೆ.

ಕೊಕ್ಕರೆಯ ರಪಟು ಹೇಳಿದ ದಿನ ವಾಪಸು ಬರುವ ಬಸ್ಸಿನಲ್ಲಿ ನನ್ನ ಜೋಡಿಯವನು ಹೇಳಿದ್ದು ನೆನಪಿದೆ. “ನೀ ಕೊಕ್ಕರೆ ನೋಡ್ಲಿಲ್ಲ, ಕೊಕ್ಕರೆ ನಿನ್ನ ನೋಡೇತಿ. ‘ಈ ಪ್ರಾಣಿ ಮಕ್ಕೊಂಡಾಗ ಬಾಯಿ ತಗೀತೈತಿ’ ಅಂತ ರಪಟು ಬರದೈತಿ.” ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ ನೋಡುವಷ್ಟು ನಕ್ಕೆವು. ಕಾಲು ಯಾವಾಗ ಇಳಿಸುತ್ತದೆ ಎಂದು ನಾನು ಅವನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ.

ಎರಡು ವರ್ಷದ ಮೇಲೆ ಆಚಾರ್ರು ಮಂತ್ರಾಲಯಕ್ಕೆ ಹೋಗಿ ಅಲ್ಲೇ ಉಳಿದರು. ನಾನು ನಮ್ಮ ಓಣಿಯ ಹತ್ತಿರದ ಶಾಲೆಯ ಬಯಲಿನಲ್ಲಿ ಬೆಳಗಿನ ತರಗತಿ ಶುರು ಮಾಡಿದೆ. ನೇಕಾರರು, ಅಂಗಡಿಯವರು, ಇಬ್ಬರು ಮೂವರು ನೌಕರರು ಬರುತ್ತಿದ್ದರು. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಲ್ಲಿಸಿ ನೂರರವರೆಗೆ ಎಣಿಸುತ್ತಿದ್ದೆ. ನಡುವೆ ಕಾಲು ಊರಿದವರನ್ನು, “ಏನ್ರಿ, ಮೀನು ಕಂಡಿತೇನು?” ಎಂದು ಕೇಳಿ ಉಳಿದವರನ್ನು ನಗಿಸುತ್ತಿದ್ದೆ. ನಗುವವರ ಸಾಲಿನಲ್ಲಿ ನನ್ನ ಜೋಡಿಯವನೂ ಇರುತ್ತಿದ್ದ. ಅವನು ನಗುತ್ತಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ಒಂದು ಸಂಗತಿ ಹೇಳಬೇಕು, ಇಲ್ಲವಾದರೆ ನನ್ನ ತಪ್ಪಿನ ತೂಕ ಓದುವವರಿಗೆ ತಿಳಿಯುವುದಿಲ್ಲ. ನೇಯುವ ಮುಂಚೆ ಹಾಸಿನ, ಅಂದರೆ ಉದ್ದೆಳೆಯ, ನೂಲಿಗೆ ಗಂಜಿ ಹಚ್ಚಬೇಕು. ನಸುಕಿನಲ್ಲಿ ಓಣಿಯುದ್ದಕ್ಕೂ ಹಾಸನ್ನು ಚಾಚಿ ಕಟ್ಟಿ, ಆಚೆ ಒಬ್ಬ ಈಚೆ ಒಬ್ಬ ದೊಡ್ಡ ಕುಂಚ ಹಿಡಿದು, ಗಂಜಿ ಸವರುತ್ತಾ ನಡೆಯಬೇಕು. ಬಿಸಿಲೇರುವುದರೊಳಗೆ ಮುಗಿಯಬೇಕು. ಒಣಗಿ ಬಿರುಸಾದ ಹಾಸನ್ನು ಎಳೆದರೆ ಎಳೆಗಳು ಪಟಪಟ ಹರಿಯುತ್ತವೆ. ಅಂಥದ್ದಕ್ಕೆ ಮೊದಲು ನೀರು ಚಿಮುಕಿಸಿ, ಕಟ್ಟು ಸಡಿಲಿಸಿ, ಮೆತ್ತಗಾಗುವತನಕ ಕಾಯಬೇಕು. ಇದು ನಮ್ಮ ಮನೆಯ ಹೆಣ್ಣುಮಕ್ಕಳಿಂದ ಹಿಡಿದು ಎಲ್ಲರಿಗೂ ಗೊತ್ತು. ನನ್ನ ಕೈಗೇ ಗೊತ್ತಿತ್ತು. ನೂಲಿನ ಮೇಲೆ ಒಂದು ದಿನವೂ ನಾನು ಅವಸರ ಮಾಡಿದವನಲ್ಲ.

ಪುಷ್ಯಮಾಸದ ಒಂದು ಬೆಳಿಗ್ಗೆ ನಮ್ಮ ತರಗತಿ ನೋಡಲು ತಾಲೂಕಿನ ಸಾಹೇಬರೊಬ್ಬರು ಬರುವವರಿದ್ದರು. ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಒಂದು ಕೈ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಬೆನ್ನಿನ ಹಿಂದೆ ತಂದು ಬೆರಳು ಕೂಡಿಸುವ ಗೋಮುಖಾಸನವನ್ನು ಎಲ್ಲರೂ ಒಟ್ಟಿಗೆ ತೋರಿಸಬೇಕೆಂದು ನನ್ನ ಆಸೆ. ಎಲ್ಲರ ಬೆರಳೂ ಕೂಡುತ್ತಿದ್ದವು. ನನ್ನ ಜೋಡಿಯವನದು ಮಾತ್ರ ನಾಲ್ಕು ಬೆರಳಿನಷ್ಟು ದೂರ ಉಳಿಯುತ್ತಿತ್ತು. ದಡಿಯ ಲಾಳಿ ಎಸೆದೂ ಎಸೆದೂ ಅವನ ಬಲಭುಜ ಬಿಗಿದಿತ್ತು. ಸಾಹೇಬರು ಬರುವ ಮುಂಚೆ ಅವನನ್ನು ಶಾಲೆಯ ಹಿಂದಿನ ಬೇವಿನಮರದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ತಡಿಯೋ, ಇನ್ನಾ ಮೈ ಬಿಚ್ಚಿಲ್ಲ,” ಎಂದ.

“ನಾಲ್ಕು ಬೆರಳು, ದೋಸ್ತ. ಇವತ್ತೊಂದಿನ ನನ್ನ ಮರ್ಯಾದಿ ಉಳಸು.”

“ನಿನ್ನ ಮರ್ಯಾದಿ ನನ್ನ ಬೆನ್ನ ಮ್ಯಾಲ ಐತೇನು?” ಎಂದು ನಕ್ಕ. ನಗುತ್ತಲೇ ಕೈ ಕೊಟ್ಟ.

ಅವನ ಬೆನ್ನಿಗೆ ಮೊಣಕಾಲು ಒತ್ತಿ ಎರಡೂ ಕೈಗಳನ್ನು ಎಳೆದೆ. ಬೆರಳುಗಳು ಕೂಡಿದವು. ಅದೇ ಕ್ಷಣ ಒಳಗೆ ಏನೋ ಹರಿದ ಸದ್ದಾಯಿತು. ದಪ್ಪ ಎಳೆಯೊಂದು ಕಡಿದ ಹಾಗೆ. ಅವನು ಕೂಗಲಿಲ್ಲ. ತಿರುಗಿ ನನ್ನ ಮುಖ ನೋಡಿದ, ಅಷ್ಟೇ. ಬೇವಿನ ಬುಡಕ್ಕೆ ಒರಗಿಸಿ ಕೂರಿಸಿ, ಬಯಲಿನ ಕಡೆ ಓಡಿದೆ. ಜೀಪು ಬಂದಿತ್ತು.

ಮರುದಿನ ನಸುಕಿನಲ್ಲಿ ಹಾಸು ಚಾಚಿತ್ತು. ಎದುರಿನ ಕುಂಚ ಹಿಡಿಯಬೇಕಾದವನು ಇರಲಿಲ್ಲ. ಅವನ ಹೆಂಡತಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದಳು. “ಏನಾತು ಅಣ್ಣಾ? ಅವರ ಬಾಯಿಂದ ಒಂದು ಮಾತು ಹೊರಡವಲ್ದು,” ಎಂದು ಕೇಳಿದಳು. ಓಣಿಯವರೆಲ್ಲ ನನ್ನ ಬಾಯಿ ನೋಡಿದರು. ಅವರಲ್ಲಿ ಅರ್ಧ ಜನ ನನ್ನ ತರಗತಿಯವರು.

“ನಾ ಬ್ಯಾಡ ಅಂದೆ, ತಂಗಿ,” ಎಂದೆ. “ನಾ ಅತ್ತ ಹೋಗಿ ಬರೋದರೊಳಗ ಹಟ ಮಾಡಿ ತಾನೇ ಎಳಕೊಂಡಾನ.”

ಈ ಮಾತು ಹೇಳುವಾಗ ನನ್ನ ಕುಂಚ ಹಾಸಿನ ಮೇಲೆ ಒಂದು ಸಲವೂ ತಡವರಿಸಲಿಲ್ಲ. ಇದನ್ನು ಬರೆಯಲೇಬೇಕು. ಅವಳು ಪಾತ್ರೆ ಇಳಿಸಿ ಮನೆಗೆ ಹೋದಳು. ಅವಳು ಗಂಡನನ್ನು ಬೈಯುವುದು ಓಣಿಗೆಲ್ಲ ಕೇಳಿಸಿತು. “ಮಾಸ್ತರ ಹೇಳಿದ್ದು ಕೇಳಾಕ ಏನಾಗಿತ್ತು ನಿಮಗ? ಎಲ್ಲಾದರಾಗೂ ಹಟ!” ಯಾರೋ ನಕ್ಕರು. ನಾನೂ ನಕ್ಕೆ.

ಹತ್ತು ದಿನ ಅವನು ಮಗ್ಗಕ್ಕೆ ಬಂದು ಕೂತ. ಕೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ, ದಡಿ ಸೊಟ್ಟಗೆ ಬರುತ್ತಿತ್ತು. ಹನ್ನೊಂದನೆಯ ದಿನ ತಾನಾಗಿ ಎದ್ದ. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸುವ ಕೆಲಸ ಹಿಡಿದ. ಅದಕ್ಕೆ ಬೆರಳು ಸಾಕು, ಭುಜ ಬೇಡ. ಎರಡು ವರ್ಷದ ಮೇಲೆ ಹೆಂಡತಿಯ ತವರಾದ ಗದ್ವಾಲಕ್ಕೆ ಹೋದರು, ಅಲ್ಲಿ ಆ ಕೆಲಸ ಹೆಚ್ಚು ಸಿಗುತ್ತದೆ ಎಂದು. ನನ್ನ ಬಲಕ್ಕೆ ಬೇರೊಬ್ಬ ಬಂದು ಕೂತ. ನಾನು ಗದ್ವಾಲಕ್ಕೆ ಒಮ್ಮೆಯೂ ಹೋಗಲಿಲ್ಲ. ತರಗತಿ ಬೆಳೆಯಿತು. ನಿಜ ತಿಳಿದರೆ ಯಾರೂ ಬರಲಿಕ್ಕಿಲ್ಲ ಎಂಬ ಹೆದರಿಕೆಯೂ ಅದರ ಜೊತೆಗೇ ಬೆಳೆಯಿತು.

ಈ ವರ್ಷ ಭುಜ ಹಿಡಿದ ಮೇಲೆ ತರಗತಿಗೆ ಹೋಗಲಾಗದೆ ಬಾಗಿಲ ಮುಂದಿನ ಮಂಚದ ಮೇಲೆ ಬಿದ್ದುಕೊಂಡೆ. ನೋಡಲು ಬೇರೇನೂ ಇರಲಿಲ್ಲ. ಓಣಿಯ ಕೆಂಚು ನಾಯಿಯನ್ನು ನೋಡಿದೆ. ಅದು ಎದ್ದ ತಕ್ಷಣ ಮುಂಗಾಲು ಚಾಚಿ, ಎದೆ ಇಳಿಸಿ, ಆಮೇಲೆ ಹಿಂಗಾಲು ಒಂದೊಂದಾಗಿ ಎಳೆದು ಬಿಡುತ್ತದೆ. ನಡುವೆ ಅದರ ಒಂದು ಹಿಂಗಾಲಿಗೆ ಪೆಟ್ಟಾಗಿತ್ತು. ಅಷ್ಟು ದಿನವೂ ಅದು ಮೂರು ಕಾಲನ್ನೇ ಚಾಚಿತು, ನಾಲ್ಕನೆಯದನ್ನು ಸುಮ್ಮನೆ ಬಿಟ್ಟಿತು. ಒಂದು ಬೆಳಿಗ್ಗೆ ಆ ಕಾಲನ್ನೂ ಸ್ವಲ್ಪ ಚಾಚಿ, ನಡುವೆಯೇ ನಿಲ್ಲಿಸಿ, ನೆಕ್ಕಿಕೊಂಡು ಹೋಯಿತು. ಬೇರೆ ನಾಯಿಗಳು ಸುತ್ತ ಇದ್ದವು. ಯಾವ ನಾಯಿಯೂ ಬಂದು ಅದರ ಕಾಲು ಎಳೆಯಲಿಲ್ಲ. ಆಚಾರ್ರು ಒಂದು ತಿಂಗಳು ನೋಡಿ ಬಾ ಎಂದದ್ದು ಇದನ್ನೇ ಇರಬೇಕು. ಮಂಚದ ಮೇಲೆ ಎದ್ದು ಕೂತೆ.

ದಸರೆ ಕಳೆದ ಮೇಲೆ ಗದ್ವಾಲಕ್ಕೆ ಹೊರಟೆ. ಮಕ್ತಲದಲ್ಲಿ ಬಸ್ಸು ಬದಲಿಸುವಾಗ ರಸ್ತೆಬದಿಯಲ್ಲಿ ಒಂದು ಬುಟ್ಟಿ ಸೀತಾಫಲ ಕೊಂಡೆ. ಆಚಾರ್ರ ಕಟ್ಟೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಅಣೆಕಟ್ಟಿನ ಮೇಲೆ ಕೃಷ್ಣೆಯನ್ನು ದಾಟುವಾಗ, ಹೇಳಬೇಕಾದ ಮಾತನ್ನು ಬಾಯಲ್ಲೇ ಅಂದುಕೊಂಡೆ. ನಾನು ಫೋನಿನಲ್ಲಿ ಮಾತಾಡುತ್ತಿದ್ದೇನೆ ಎಂದು ಪಕ್ಕದವನು ತಿಳಿದ.

ಅವನು ಒಂದು ಮಗ್ಗದ ಮುಂದೆ ಕೂತು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎಳೆ ಹೊಸೆಯುತ್ತಿದ್ದ.

“ಯಾರ್ರೀ, ಬೆಳಕಿಗೆ ಅಡ್ಡ ನಿಂತೀರಿ?”

“ನಾನು.”

“ಊರಾಗ ಎಲ್ಲಾರೂ ನಾನೇ,” ಎಂದು ತಲೆ ಎತ್ತಿದ. “ಅರೇ! ಕೈ ಯಾಕ ಹಂಗ ಹಿಡ್ಕೊಂಡೀದಿ? ನನ್ನ ನಕಲು ಮಾಡಾಕ ಇಷ್ಟು ದೂರ ಬಂದಿಯೇನು?”

ಅವನ ಹೆಂಡತಿ ಹೊರಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. “ಬರ್ರಿ ಮಾಸ್ತರ. ದಾರಿ ತಪ್ಪಿ ಬಂದಿರೇನು?” ಎಂದು ಬುಟ್ಟಿ ತೆಗೆದುಕೊಂಡು ಒಂದು ಹಣ್ಣನ್ನು ತಿರುಗಿಸಿ ನೋಡಿದಳು. “ಇವು ಕಣ್ಣು ಬಿಟ್ಟಿಲ್ಲಲ್ಲ ಅಣ್ಣಾ. ಅವಸರ ಮಾಡಿ ಕಿತ್ತಾರ. ಇವು ಹಣ್ಣಾಗೂದಿಲ್ಲ, ಕರ್ರಗಾಗಿ ಒಣಗ್ತಾವ.” ಆಮೇಲೆ ಚಹಾ ತಂದಿಡುತ್ತಾ ಗಂಡನ ಕಡೆ ಗದ್ದ ತೋರಿಸಿ, “ಇವರೂ ಹಂಗೇ. ಅವತ್ತು ನಿಮ್ಮ ಮಾತು ಕೇಳಿದ್ರ ಇವತ್ತು ಕೈ ಎತ್ತತಿದ್ರು,” ಎಂದಳು.

ಬಸ್ಸಿನಲ್ಲಿ ಅಂದುಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ. “ಅವನು ಎಳಕೊಳ್ಳಲಿಲ್ಲ, ತಂಗಿ,” ಎಂದೆ. “ಬ್ಯಾಡ ಅಂದಾವ ಅವನು. ಎಳದಾವ ನಾನು.”

ಅವಳು ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು. ಅವನು ಎಳೆ ಹೊಸೆಯುತ್ತಲೇ ಇದ್ದ.

“ನೀ ಯಾಕ ಹೇಳಲಿಲ್ಲ, ಇಷ್ಟು ವರ್ಷ?” ಎಂದು ಕೇಳಿದೆ.

“ಅದು ನಿನ್ನ ರಪಟು. ನಾ ಹೆಂಗ ಬರೀಲಿ?” ಎಂದ. “ನಿನ್ನ ಸುಳ್ಳು ರಪಟಿಗೆ ಒಮ್ಮೆ ಸಹಿ ಹಾಕಿದ್ದೆ, ಕೊಕ್ಕರಿದು. ಅವತ್ತು ನಾ ಹಾಕಬಾರದಾಗಿತ್ತು.”

ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. “ಮೂವತ್ತು ವರ್ಷ ಬೈದೀನಿ ಇವರನ್ನ. ಅಂಗಿ ತೊಡಸೋವಾಗ ಸೈತ ಬೈದೀನಿ. ಆ ಬೈಗಳ ಅಷ್ಟೂ ನಿಮ್ಮವು. ಕುಂದರ್ರಿ, ತಗೋರಿ.” ಕೂತೆ. ಚಹಾ ಆರಿ ಕೆನೆ ಕಟ್ಟುವತನಕ ಬೈದಳು. ನಡುವೆ ಗಂಡನ ಕಡೆ ತಿರುಗಿ, “ನೀವೂ ಬಾಯಿ ಮುಚ್ಚಿಕೊಂಡು ಬೈಸಿಕೊಂಡ್ರಲ್ಲ!” ಎಂದಳು.

“ಖರೇ ಹೇಳಿದ್ರ ನೀ ಬೈಯೋದು ಬಿಡ್ತಿದ್ದೇನು? ಬ್ಯಾರೆ ಕಾರಣ ಹುಡಕ್ತಿದ್ದಿ,” ಎಂದ ಅವನು. ಅವಳು ನಗಲಿಲ್ಲ.

ಕೊನೆಗೆ ಸೆರಗಿನಿಂದ ಮುಖ ಒರಸಿಕೊಂಡು ಹೇಳಿದಳು. “ನನಗೊಬ್ಬಾಕಿಗೆ ಹೇಳಿದ್ರ ಆಗೂದಿಲ್ಲ. ಸುಳ್ಳು ಓಣ್ಯಾಗ ಹೇಳೀರಿ, ಇದನ್ನೂ ಓಣ್ಯಾಗ ಹೇಳ್ರಿ. ಫೋನ್ ಹಚ್ಚಿ ಇಡ್ರಿ. ನಾ ಇಲ್ಲಿಂದ ಕೇಳ್ತೀನಿ.”

ಮರುದಿನ ಬೆಳಿಗ್ಗೆ ಅವನು ನನ್ನನ್ನು ನದಿಗೆ ಕರೆದುಕೊಂಡು ಹೋದ. “ಬಾ, ಬಾಕಿ ಉಳಿದ ಮುಆಯಿನಾ ಮುಗಸೋಣು,” ಎಂದ. ಬಂಡೆಯ ಮೇಲೆ ಕೂತೆವು. ಸ್ವಲ್ಪ ದೂರದಲ್ಲಿ, ತೆಳು ನೀರಿನಲ್ಲಿ, ಕೊಕ್ಕರೆ ಒಂಟಿಕಾಲಲ್ಲಿತ್ತು. ಈ ಸಲ ನಾನು ಮಲಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಕುತ್ತಿಗೆ ರೆಕ್ಕೆಯೊಳಗೆ ಹುದುಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಅದು ಶಕ್ತಿ ತೋರಿಸುತ್ತಿರಲಿಲ್ಲ, ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಹತ್ತಿರವೇ ಮೀನೊಂದು ಚಿಮ್ಮಿತು. ಕಾಲು ಇಳಿಯಲಿಲ್ಲ. ಆಮೇಲೆ ಆಚೆ ದಡದಿಂದ ಗಾಳಿ ಬೀಸಿ ನೀರು ಸುಕ್ಕಾಯಿತು. ಕೊಕ್ಕರೆ ಮೆಲ್ಲಗೆ ಎರಡನೆಯ ಕಾಲನ್ನು ಇಳಿಸಿ ಊರಿ ನಿಂತಿತು. ಗಾಳಿ ನಿಂತ ಮೇಲೆ ಇನ್ನೊಂದು ಕಾಲನ್ನು ಎತ್ತಿಕೊಂಡಿತು. ಅದಕ್ಕೆ ನಾಚಿಕೆ ಏನೂ ಇರಲಿಲ್ಲ.

“ಗಾಳಿ ಬಂದಾಗ,” ಎಂದೆ.

“ಈಗ ಆತು ನೋಡು ರಪಟು,” ಎಂದ.

ಕಾಲು ಊರಿದವರನ್ನು ತೋರಿಸಿ ಮೂವತ್ತು ವರ್ಷ ತರಗತಿಯನ್ನು ನಗಿಸಿದ್ದೆ ನಾನು.

ಅವನು ಪಂಚೆ ಕಟ್ಟಿ ಸೊಂಟದವರೆಗೆ ನೀರಿಗೆ ಇಳಿದು ಬಲಗೈಯನ್ನು ಸಡಿಲ ಬಿಟ್ಟ. ಅದು ತಾನಾಗಿ ತೇಲಿ ಮೇಲೆ ಬಂತು. “ದಿನಾ ಹಿಂಗ ಬಿಡ್ತೀನಿ. ನೀರು ಎಷ್ಟು ಎತ್ತತೈತೋ ಅಷ್ಟೇ. ನಾ ಎತ್ತೂದಿಲ್ಲ. ಮೊದಲ ಇಷ್ಟೂ ಬರ್ತಿರಲಿಲ್ಲ.” ನನ್ನನ್ನೂ ಕರೆದ. ನನ್ನ ಎಡಗೈ ಕೂಡ ನಿಧಾನಕ್ಕೆ ತೇಲಿತು. ಅವನ ಬಲಗೈ, ನನ್ನ ಎಡಗೈ. ಮಗ್ಗದ ಹಲಗೆಯ ಮೇಲೆ ಕೂರುತ್ತಿದ್ದಂತೆಯೇ ಅವನು ನನ್ನ ಬಲಕ್ಕೆ ನಿಂತಿದ್ದ. “ಕ್ಷಮಿಸು,” ಎಂದೆ. “ಮೊದಲ ಓಣ್ಯಾಗ ಹೇಳು,” ಎಂದ. “ಆಕಿ ಬಿಡೂದಿಲ್ಲ.”

ನಮ್ಮ ಓಣಿಯಲ್ಲಿ ಈಗ ಮೂರೇ ಮಗ್ಗ. ಆದರೂ ವಾರಕ್ಕೊಮ್ಮೆ ನಸುಕಿನಲ್ಲಿ ಹಾಸು ಚಾಚುತ್ತಾರೆ. ಊರಿಗೆ ಬಂದ ಮೂರನೆಯ ದಿನ ಅಲ್ಲಿಗೆ ಹೋದೆ. ಅಂದಿನವರಲ್ಲಿ ಒಬ್ಬ ಮುದುಕ, ಇಬ್ಬರು ಮುದುಕಿಯರು ಉಳಿದಿದ್ದರು. ಮಿಕ್ಕವರು ಅವರ ಮಕ್ಕಳು, ಸೊಸೆಯಂದಿರು, ನನ್ನ ತರಗತಿಯವರು. ಗದ್ವಾಲಕ್ಕೆ ಫೋನು ಹಚ್ಚಿ, ಹಾಸಿನ ಕಂಬದ ಬುಡದ ಕಲ್ಲಿನ ಮೇಲೆ ಇಟ್ಟೆ. ಬೇವಿನಮರ, ಮೊಣಕಾಲು, ಒಳಗೆ ಹರಿದ ಸದ್ದು, ಮರುದಿನ ಇದೇ ಜಾಗದಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಎಳೆದವನು ನಾನೇ ಎಂಬುದನ್ನು ಮಾತ್ರ ನೆಲ ನೋಡುತ್ತಾ ಮೆಲ್ಲಗೆ ಹೇಳಿದೆ. ಎರಡೂ ಕಡೆಯ ಕುಂಚಗಳು ನಿಂತಿದ್ದವು.

ಕಲ್ಲಿನ ಮೇಲಿಂದ ಅವಳ ದನಿ ಬಂತು. “ಎಳದಾವ ಯಾರು ಅಂದ್ರಿ? ಇಲ್ಲಿ ಕೇಳಸವಲ್ದು. ಇನ್ನೊಮ್ಮೆ ಹೇಳ್ರಿ, ಜೋರಲೇ.”

ಫೋನನ್ನು ಕೈಗೆತ್ತಿಕೊಳ್ಳಲಿಲ್ಲ. ಓಣಿಯ ಕಡೆಗೆ ಮುಖ ಮಾಡಿ ಇನ್ನೊಮ್ಮೆ ಹೇಳಿದೆ.